ಜೂಮ್ ಎಚ್‌1ಎನ್: ಸೌಂಡ್ ಕೆಲಸಕ್ಕೆ ಇಳಿಯುವವರು ಮೊದಲು ತಗೊಳ್ಳಬೇಕಾದ ರೆಕಾರ್ಡರ್

"ಸೌಂಡ್ ಕೆಲಸಕ್ಕೆ ಬರಬೇಕು ಅಂತಿದ್ದೀನಿ, ಯಾವ ಮೈಕ್ ತಗೊಳ್ಳಲಿ?" ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು, ರೇಡಿಯೋದಲ್ಲಿ ಮಾತಾಡುವ ಆಸೆ ಇರುವವರು, ಕಿರುಚಿತ್ರದ ಗುಂಪುಗಳಲ್ಲಿ ಓಡಾಡುವವರು, ಎಲ್ಲರೂ ಕೇಳುವುದು ಇದನ್ನೇ. ನಾನು ಯಾವ ಮೈಕಿನ ಹೆಸರನ್ನೂ ಹೇಳುವುದಿಲ್ಲ. ಮೈಕ್ ಆಮೇಲೆ ನೋಡೋಣ, ಮೊದಲು ಕೈಯಲ್ಲಿ ಹಿಡಿಯುವಂಥ ರೆಕಾರ್ಡರ್ ತಗೊಳ್ಳಿ, ಅದರಲ್ಲೂ ಜೂಮ್ ಕಂಪನಿಯ ಎಚ್‌1ಎನ್ ತಗೊಳ್ಳಿ ಅನ್ನುತ್ತೇನೆ. ಡಾಕ್ಯುಮೆಂಟರಿ ಸೌಂಡ್, ಪಾಡ್‌ಕಾಸ್ಟ್ ಎಡಿಟಿಂಗ್, ಆಗಾಗ ವಾಯ್ಸ್ ಓವರ್, ಇವುಗಳಿಂದಲೇ ನನ್ನ ಮನೆ ನಡೆಯುತ್ತದೆ. ಇದಕ್ಕಿಂತ ದುಬಾರಿ ಸಾಮಾನು ಈಗ ನನ್ನ ಹತ್ತಿರ ಇದೆ. ಆದರೂ ಇದು ನನ್ನ ಬ್ಯಾಗಿನಿಂದ ಹೊರಗೆ ಹೋಗಿಲ್ಲ.

ಯಂತ್ರದ ವಿಷಯ ಮೊದಲು ಹೇಳಿಬಿಡುತ್ತೇನೆ. ಇದು 2018ರ ಮಾಡೆಲ್. ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ತಲೆಯ ಮೇಲೆ ಎರಡು ಸಣ್ಣ ಮೈಕ್, 90 ಡಿಗ್ರಿ ಕೋನದಲ್ಲಿ ಒಂದಕ್ಕೊಂದು ಅಡ್ಡ ಕೂತಿವೆ, ಅದಕ್ಕೇ ಎಡ ಬಲ ಸ್ಪಷ್ಟವಾಗಿ ಕೇಳುತ್ತದೆ. ಎರಡು ಎಎಎ ಸೆಲ್ ಹಾಕಿದರೆ ಹತ್ತು ಗಂಟೆ ನಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಆಲ್ಕಲೈನ್ ಸೆಲ್ ಹಾಕಿ, ಅಂಗಡಿಯಲ್ಲಿ ಸಿಗುವ ಅಗ್ಗದ ಸೆಲ್ ಬೇಗ ಮಲಗುತ್ತದೆ. ಮೈಕ್ರೋ ಎಸ್‌ಡಿ ಕಾರ್ಡ್ 32 ಜಿಬಿವರೆಗೆ ಹಾಕಬಹುದು. ವಿಡಿಯೋ ಕೆಲಸಕ್ಕೆ ಎಲ್ಲರೂ ಕೇಳುವ ರೆಕಾರ್ಡಿಂಗ್ ಗುಣಮಟ್ಟ, ಅಂದರೆ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ, ಅಂದರೆ ಒಂದು ಕಾರ್ಡಿಗೆ ಹತ್ತಿರ ಹತ್ತಿರ ಮೂವತ್ತು ಗಂಟೆ. ಹೆಡ್‌ಫೋನ್ ಹಾಕಲು ತೂತು ಇದೆ, ಹೊರಗಿನ ಕಾಲರ್ ಮೈಕ್ ಚುಚ್ಚಲೂ ಇನ್ನೊಂದು ಇದೆ, ಬೆನ್ನಿಗೆ ಟ್ರೈಪಾಡ್ ಸ್ಕ್ರೂ ಇದೆ. ಎದುರಿಗೆ ದೊಡ್ಡ ರೆಕಾರ್ಡ್ ಬಟನ್, ಮೇಲೆ ಲೆವೆಲ್, ಅಂದರೆ ಒಳಗೆ ಬರುವ ಸದ್ದಿನ ಮಟ್ಟ, ಏರಿಸಿ ಇಳಿಸಲು 0ಯಿಂದ 10ರವರೆಗೆ ತಿರುಗಿಸುವ ಡಯಲ್. ಅಷ್ಟೇ. ಅರ್ಧ ಗಂಟೆ ಕೂತರೆ ಎಲ್ಲಾ ಬಟನ್ ಗೊತ್ತಾಗುತ್ತದೆ.

ನಾನು ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ಈ ಕೆಲಸದಲ್ಲಿ ಜನ ದುಡ್ಡು ಕೊಡುವುದು ನಿಮ್ಮ ಕಿವಿಗೆ. ಮೈಕ್ ಬಾಡಿಗೆಗೆ ಸಿಗುತ್ತದೆ, ಸ್ಟುಡಿಯೋ ಬಾಡಿಗೆಗೆ ಸಿಗುತ್ತದೆ, ಕಿವಿ ಸಿಗುವುದಿಲ್ಲ. ಯುಎಸ್‌ಬಿ ಮೈಕ್ ತಂದು ಟೇಬಲ್ ಮೇಲೆ ಇಟ್ಟರೆ ನೀವು ಆ ಟೇಬಲ್ ಬಿಟ್ಟು ಏಳುವುದಿಲ್ಲ. ಇದು ಜೇಬಿನಲ್ಲಿದ್ದರೆ ಬಸ್ ಸ್ಟ್ಯಾಂಡಿಗೂ ಬರುತ್ತದೆ, ಸಂತೆಗೂ ಬರುತ್ತದೆ. ತಂದ ದಿನವೇ ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡ್ ಒತ್ತಿ, ನಿಮ್ಮ ಮನೆಯೊಳಗೆ ನಿಧಾನಕ್ಕೆ ಒಂದು ಸುತ್ತು ಹಾಕಿ. ಇಷ್ಟು ವರ್ಷ ಕಿವಿಗೆ ಬೀಳದ ಫ್ರಿಜ್ಜಿನ ಗುಂಯ್ ಕೇಳುತ್ತದೆ. ಫ್ಯಾನು ಒಂದು ಸುತ್ತಿಗೆ ಒಮ್ಮೆ ಟಿಕ್ ಅನ್ನುವುದು ಕೇಳುತ್ತದೆ. ಪಕ್ಕದ ಮನೆಯ ಮಿಕ್ಸಿ ಗೋಡೆ ದಾಟಿ ಬರುವುದು ಕೇಳುತ್ತದೆ. ಯಾವ ರೂಮಿನಲ್ಲಿ ಮಾತು ಡಬ್ಬದೊಳಗಿಂದ ಬಂದ ಹಾಗೆ ಇರುತ್ತದೆ, ಬಟ್ಟೆ ಬೀರುವಿನ ಎದುರು ಯಾಕೆ ಅದೇ ಮಾತು ಒಣಗಿದ ಹಾಗೆ ಚೊಕ್ಕಟವಾಗಿ ಬರುತ್ತದೆ, ಇದೆಲ್ಲ ಯಾರೂ ಹೇಳಿಕೊಡದೆ ಗೊತ್ತಾಗುತ್ತದೆ. ಹಂಚಿನ ಮೇಲಿನ ಮಳೆ ಬೇರೆ, ತಗಡಿನ ಮೇಲಿನ ಮಳೆ ಬೇರೆ, ಅಡಿಕೆ ತೋಟದೊಳಗಿನ ಮಳೆ ಇನ್ನೂ ಬೇರೆ. ಮಳೆಗಾಲ ಪೂರ್ತಿ ಇವನ್ನು ಹಿಡಿದು, ಊರು, ತಿಂಗಳು, ಹೊತ್ತು ಬರೆದಿಟ್ಟುಕೊಳ್ಳಿ. ಮುಂದೆ ಯಾವುದೋ ಎಡಿಟರ್ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಮಲೆನಾಡಿನ ಮಳೆ ಇದೆಯಾ?" ಅಂತ ಕೇಳುತ್ತಾರೆ. ಇದೆ ಅಂದವರಿಗೆ ಆ ಪ್ರಾಜೆಕ್ಟಿನ ಉಳಿದ ಕೆಲಸವೂ ಬರುತ್ತದೆ. ನನಗೆ ಹಾಗೇ ಬಂದಿದೆ.

ದನಿ ಕೊಡುವ ಕೆಲಸಕ್ಕೆ ಬರುವವರಿಗೂ ಇದು ಸಾಕು, ಆದರೆ ಯಾವುದಕ್ಕೆ ಸಾಕು ಅನ್ನುವುದು ಗೊತ್ತಿರಬೇಕು. ಕನ್ನಡದಲ್ಲಿ ಡಬ್ಬಿಂಗ್ ದಶಕಗಳ ಕಾಲ ನಿಂತೇ ಹೋಗಿತ್ತು, ಅದನ್ನು ತಡೆಯುವುದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟ ಮೇಲೆ ಬಾಗಿಲು ತೆರೆಯಿತು. ಈಗ ಸಿನಿಮಾ, ಸೀರಿಯಲ್, ಕಾರ್ಟೂನ್, ಓಟಿಟಿ, ಎಲ್ಲದಕ್ಕೂ ಕನ್ನಡದ ದನಿ ಬೇಕು. ಆದರೆ ಡಬ್ಬಿಂಗ್ ನಡೆಯುವುದು ಅವರ ಸ್ಟುಡಿಯೋದಲ್ಲಿ, ಅವರ ಮೈಕಿನಲ್ಲಿ. ಆಕಾಶವಾಣಿಯ ಆಡಿಷನ್ ಕೂಡ ಅವರ ಸ್ಟುಡಿಯೋದಲ್ಲೇ. ಹಾಗಾಗಿ ದನಿಗೆ ಅಂತ ಮೂವತ್ತು ಸಾವಿರದ ಮೈಕ್ ಮೊದಲೇ ತರುವ ಅಗತ್ಯ ಇಲ್ಲ. ನಿಮಗೆ ಬೇಕಾದದ್ದು ಒಂದು ಚೊಕ್ಕ ಡೆಮೊ, ಅಂದರೆ ನಿಮ್ಮ ದನಿಯ ಮಾದರಿ. ಎರಡು ನಿಮಿಷ ಮೀರಬಾರದು. ಸುದ್ದಿ ಓದುವ ದನಿ, ಜಾಹೀರಾತಿನ ದನಿ, ಮಕ್ಕಳ ಕಥೆ, ಜಗಳದ ಒಂದು ಸಣ್ಣ ತುಣುಕು. ಜೊತೆಗೆ ನಿಮ್ಮ ಮನೆಮಾತಿನ ಕನ್ನಡ ಖಂಡಿತ ಇರಲಿ: ಧಾರವಾಡದ್ದೋ, ಕುಂದಾಪುರದ್ದೋ, ಚಾಮರಾಜನಗರದ್ದೋ. ಪುಸ್ತಕದ ಕನ್ನಡ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಊರಿನ ಕನ್ನಡ ಬೇಕಾದಾಗ ಡಬ್ಬಿಂಗ್ ಮಾಡಿಸುವವರು ಹುಡುಕಾಡುತ್ತಾರೆ.

ಆ ಡೆಮೊವನ್ನು ಎಚ್‌1ಎನ್‌ನಲ್ಲಿ ಆರಾಮಾಗಿ ಮಾಡಬಹುದು. ಬಾಯಿಯಿಂದ ಒಂದು ಗೇಣು ದೂರ ಇಡಿ, ನೇರ ಬಾಯಿ ಎದುರಿಗೆ ಬೇಡ, ಸ್ವಲ್ಪ ಪಕ್ಕಕ್ಕೆ. ನಮ್ಮ ಭಾಷೆಯಲ್ಲಿ ಭ, ಫ, ಘ, ಧ ಎಲ್ಲಾ ಉಸಿರಿನ ಅಕ್ಷರಗಳು, "ಭಯಂಕರ" ಅಂತ ಜೋರಾಗಿ ಅಂದರೆ ಮೈಕಿಗೆ ಗಾಳಿ ಬಡಿದು ಧಪ್ ಅನ್ನುತ್ತದೆ. ಪಕ್ಕಕ್ಕೆ ಇಟ್ಟರೆ ಆ ಗಾಳಿ ಮೈಕ್ ದಾಟಿಕೊಂಡು ಹೋಗುತ್ತದೆ, ಮಾತು ಮಾತ್ರ ಉಳಿಯುತ್ತದೆ. ಆಟೋ ಲೆವೆಲ್ ಅಂತ ಒಂದು ಸೌಕರ್ಯ ಇದೆ, ದಯವಿಟ್ಟು ಅದನ್ನು ಆಫ್ ಮಾಡಿ. ನೀವು ಮಾತು ನಿಲ್ಲಿಸಿದ ಕೂಡಲೇ ಅದು ಲೆವೆಲ್ ಏರಿಸಿ ಫ್ಯಾನಿನ ಸದ್ದನ್ನು ಎಳೆದು ತರುತ್ತದೆ, ಕೇಳುವವರಿಗೆ ಸಮುದ್ರದ ಅಲೆ ಬಂದು ಹೋದ ಹಾಗೆ ಅನಿಸುತ್ತದೆ. ಡಯಲ್ ಕೈಯಲ್ಲೇ ತಿರುಗಿಸಿ, ಗಟ್ಟಿ ಮಾತು ಪರದೆಯ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಬರುವ ಹಾಗೆ ನಿಲ್ಲಿಸಿ.

ಈ ಯಂತ್ರದ ನಿಜವಾದ ಬೆಲೆ ಗೊತ್ತಾಗುವುದು ಹೊರಗಡೆ ಹೋದಾಗ. ಉತ್ತರ ಕರ್ನಾಟಕದ ಒಂದು ಹಳ್ಳಿಯಲ್ಲಿ ಬೀಸುವ ಪದ ಹಾಡುವ ಅಜ್ಜಿಯೊಬ್ಬರನ್ನು ರೆಕಾರ್ಡ್ ಮಾಡಬೇಕಿತ್ತು. ಡೈರೆಕ್ಟರು ಉದ್ದನೆ ಕೋಲಿಗೆ ಕಟ್ಟಿದ ಬೂಮ್ ಮೈಕ್ ತರಿಸಿದ್ದರು, ತುದಿಗೆ ಗಾಳಿ ತಡೆಯುವ ಕೂದಲಿನ ಟೊಪ್ಪಿ ಬೇರೆ. ಅದು ತಲೆಯ ಮೇಲೆ ಬಂದ ತಕ್ಷಣ ಅಜ್ಜಿಯ ದನಿ ಬಿಗಿಯಾಯಿತು. ಎರಡು ಸಾಲು ಹಾಡುವುದು, ಮೇಲೆ ನೋಡುವುದು, "ಬಂತೇನವಾ ಸರಿಯಾಗಿ?" ಅಂತ ಸೊಸೆಯನ್ನು ಕೇಳುವುದು. ಬೂಮ್ ತೆಗೆಸಿದೆವು. ಒಂದು ಟವೆಲ್ ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಕಿ, ಅದರ ಮೇಲೆ ಎಚ್‌1ಎನ್ ಇಟ್ಟೆ, ಬೀಸುಕಲ್ಲಿನಿಂದ ಒಂದು ಮೊಳ ದೂರ. ಟವೆಲ್ ಇಲ್ಲದಿದ್ದರೆ ಕಲ್ಲು ತಿರುಗುವ ನಡುಕ ನೆಲದಿಂದಲೇ ಏರಿ ಬರುತ್ತದೆ. ಸ್ವಲ್ಪ ಹೊತ್ತಿಗೆ ಅಜ್ಜಿ ಅದನ್ನು ಮರೆತರು. ಕಲ್ಲಿನ ಗರಗರ, ಬಳೆಯ ಸದ್ದು, ಜೋಳ ಸುರಿಯಲು ಕೈ ನಿಂತಾಗ ಹಾಡೂ ನಿಲ್ಲುವುದು, ಎಲ್ಲಾ ಬಂದಿತ್ತು. ಫಿಲ್ಮಿನಲ್ಲಿ ಉಳಿದದ್ದು ಅದೇ ಟೇಕ್.

ಇಂಥ ಕಡೆ ಹಾಡು ಮುಗಿದ ತಕ್ಷಣ ಸ್ಟಾಪ್ ಒತ್ತಬೇಡಿ. ಎಲ್ಲರನ್ನೂ ಸುಮ್ನೆ ಕೂರಿಸಿ ಒಂದು ನಿಮಿಷ ಆ ಜಾಗದ ಮೌನವನ್ನೂ ತಗೊಳ್ಳಿ, ಇದಕ್ಕೆ ರೂಮ್ ಟೋನ್ ಅನ್ನುತ್ತಾರೆ. ಮಾತಿನ ನಡುವೆ ಕತ್ತರಿಸಿದ ಜಾಗ ಮುಚ್ಚಲು ಎಡಿಟರಿಗೆ ಅದು ಬೇಕೇ ಬೇಕು. ಕೇಳದೆಯೇ ಅದನ್ನು ತಂದುಕೊಡುವ ಹೊಸ ಹುಡುಗನನ್ನು ಎಡಿಟರು ಇನ್ನೊಂದು ಸಲ ಕರೆಯುತ್ತಾರೆ.

ಯಕ್ಷಗಾನಕ್ಕೆ ತಗೊಂಡು ಹೋಗುವವರಿಗೆ ಒಂದು ಮಾತು. ಭಾಗವತರು ಏರುಪದ ಎತ್ತುವ ಮೊದಲು ಮಾತುಗಾರಿಕೆ ನಡೆಯುತ್ತಿರುತ್ತದೆ, ಆಗ ಲೆವೆಲ್ ಚೆನ್ನಾಗೇ ಕಾಣುತ್ತದೆ. ಚೆಂಡೆಗೆ ಪೆಟ್ಟು ಬಿದ್ದ ಕ್ಷಣ ರೆಕಾರ್ಡಿಂಗಿನ ಸದ್ದೆಲ್ಲಾ ಒಡೆದು ಹೋಗುತ್ತದೆ. ಚೆಂಡೆಗೆ ಲೆಕ್ಕ ಹಾಕಿ ಮೊದಲೇ ಡಯಲ್ ಇಳಿಸಿಕೊಳ್ಳಿ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಆನ್ ಇಡಿ, ಮಾತನ್ನು ಆಮೇಲೆ ಎಡಿಟಿಂಗ್‌ನಲ್ಲಿ ಏರಿಸಬಹುದು. ಒಡೆದ ಚೆಂಡೆಯನ್ನು ಯಾವ ಸಾಫ್ಟ್‌ವೇರೂ ಸರಿ ಮಾಡುವುದಿಲ್ಲ. ಇಂಥ ಕಾರ್ಯಕ್ರಮ ರೆಕಾರ್ಡ್ ಮಾಡುವ ಮೊದಲು ಮೇಳದವರನ್ನೂ ಭಾಗವತರನ್ನೂ ಕೇಳಿಕೊಳ್ಳಿ, ಎಲ್ಲಿ ಬಳಸುತ್ತೀರಿ ಅಂತಲೂ ಹೇಳಿ. ಅದು ಅವರ ಅನ್ನ.

ಕೊರತೆಗಳೂ ಇವೆ, ಸಣ್ಣವಲ್ಲ. ಮೈ ಪೂರ್ತಿ ಪ್ಲಾಸ್ಟಿಕ್, ಕೈಯಲ್ಲಿ ಹಿಡಿದು ಬೆರಳು ಅಲ್ಲಾಡಿಸಿದರೂ ರೆಕಾರ್ಡಿಂಗ್‌ನಲ್ಲಿ ಕರಕರ ಬರುತ್ತದೆ. ಸಂದರ್ಶನಕ್ಕೆ ಕೈಯಲ್ಲಿ ಹಿಡಿದುಕೊಂಡು ಹೋಗುವ ವಸ್ತು ಇದಲ್ಲವೇ ಅಲ್ಲ, ಸಣ್ಣ ಟ್ರೈಪಾಡಿಗೆ ಕಟ್ಟಿ, ಆ ಟ್ರೈಪಾಡನ್ನೇ ಹಿಡಿಯಿರಿ. ಗಾಳಿ ಅಂದರೆ ಇದಕ್ಕೆ ಆಗುವುದೇ ಇಲ್ಲ. ಬಯಲಲ್ಲಿ ಬರಿ ಮೈಯಲ್ಲಿ ಇಟ್ಟರೆ ಸದ್ದು ಪೂರ್ತಿ ಹಾಳು. ಸ್ಪಂಜಿನ ಟೊಪ್ಪಿ ಕಂಪನಿಯ ಆಕ್ಸೆಸರಿ ಪ್ಯಾಕಿನಲ್ಲಿ ಬರುತ್ತದೆ, ಅದನ್ನು ಬೇರೆಯಾಗಿ ಕೊಳ್ಳಬೇಕು, ಹೊರಗೆ ಓಡಾಡುವವರಿಗೆ ಅದೂ ಸಾಲದು, ಕೂದಲಿನದೇ ಬೇಕು. ದೊಡ್ಡ ಸ್ಟುಡಿಯೋ ಮೈಕಿನ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಕೇಬಲ್ ಇದಕ್ಕೆ ಸೇರುವುದಿಲ್ಲ, ಅಂಥ ಮೈಕಿಗೆ ಕೇಬಲಿನಲ್ಲೇ ಕೊಡಬೇಕಾದ ಕರೆಂಟು, ಅಂದರೆ ಫ್ಯಾಂಟಮ್ ಪವರ್ ಕೂಡ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಡಯಲ್ ಜಾಸ್ತಿ ಏರಿಸಿದರೆ ಒಳಗಿನಿಂದಲೇ ಒಂದು ಸಣ್ಣ ಸುಯ್ ಶುರುವಾಗುತ್ತದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಅದು ಗೊತ್ತೇ ಆಗುವುದಿಲ್ಲ, ಮೆಲುದನಿಯಲ್ಲಿ ಓದುವಾಗ ಕೇಳುತ್ತದೆ. ಆಡಿಯೋ ಪುಸ್ತಕಗಳಿಗೆ ಅಮೆಜಾನಿನ ಎಸಿಎಕ್ಸ್ ಅನ್ನುವ ವೆಬ್ಸೈಟು ಇಟ್ಟಿರುವ ಅಳತೆ ನೋಡಿ: ನೀವು ಸುಮ್ಮನಿದ್ದಾಗಿನ ಸದ್ದು ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿರಬೇಕು, ಓದಿನ ಸರಾಸರಿ ಮೈನಸ್ 23ರಿಂದ ಮೈನಸ್ 18ರೊಳಗೆ ಇರಬೇಕು, ಅತಿ ಗಟ್ಟಿ ಜಾಗವೂ ಮೈನಸ್ 3 ದಾಟಬಾರದು. ಕನ್ನಡದ ಕೆಲಸ ಅಲ್ಲಿಗೆ ಹೋಗದಿದ್ದರೂ ಅಭ್ಯಾಸಕ್ಕೆ ಇದು ಒಳ್ಳೆಯ ಅಳತೆ. ಎಚ್‌1ಎನ್‌ನಲ್ಲಿ ಇದನ್ನು ಮುಟ್ಟಲು ಒದ್ದಾಡಬೇಕಾಗುತ್ತದೆ. ಪುಸ್ತಕ ಓದುವುದೇ ನಿಮ್ಮ ಮುಖ್ಯ ಕೆಲಸ ಆಗುತ್ತದೆ ಅಂತಾದರೆ ಇದು ನಿಮ್ಮ ಯಂತ್ರ ಅಲ್ಲ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸು, ಒಂದು ಒಳ್ಳೆಯ ಮೈಕು, ದಪ್ಪ ಕಂಬಳಿ ಹೊದೆಸಿದ ಒಂದು ಮೂಲೆ, ದುಡ್ಡು ಅಲ್ಲಿಗೆ ಹಾಕಿ.

ಹೊಸದು ಬಂದಿದೆಯಲ್ಲ ಅನ್ನುತ್ತೀರಿ. ಹೌದು, 2024ರಲ್ಲಿ ಎಚ್‌1 ಎಸೆನ್ಷಿಯಲ್ ಬಂತು. ಅದರಲ್ಲಿ 32 ಬಿಟ್ ಫ್ಲೋಟ್ ಅನ್ನುವ ರೆಕಾರ್ಡಿಂಗ್ ಬಗೆ ಇದೆ, ಲೆವೆಲ್ ಇಡುವ ತಲೆನೋವೇ ಇಲ್ಲ, ಪಿಸುಮಾತೂ ಚೆಂಡೆಯೂ ಒಂದೇ ಫೈಲಿನಲ್ಲಿ ಸರಿಯಾಗಿ ಕೂರುತ್ತವೆ. ಕ್ಯಾಮೆರಾ, ಸೌಂಡ್ ಎರಡನ್ನೂ ಒಬ್ಬರೇ ನೋಡಿಕೊಳ್ಳುವವರು ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಬೇರೆ. ಕಣ್ಣು ಕಾಣದವರಿಗೆ ಮೆನುವನ್ನು ಓದಿ ಹೇಳುವ ವ್ಯವಸ್ಥೆ ಇದೆ. ಕನ್ನಡದಲ್ಲಿ ಇಲ್ಲ, ಇಂಗ್ಲಿಷ್‌ನಲ್ಲಿ ಇದೆ. ಕೇಳಿಸಿಕೊಳ್ಳುವ ಕೆಲಸದಲ್ಲಿ ಅವರಿಗೆ ಇಷ್ಟು ದಿನ ಅಡ್ಡ ಬರುತ್ತಿದ್ದದ್ದು ಈ ಸಣ್ಣ ಪರದೆಯೇ ಅಲ್ವಾ? ಇದು ದೊಡ್ಡ ವಿಷಯ. ಇಷ್ಟಾದರೂ, ಸೌಂಡನ್ನೇ ಕಸುಬು ಮಾಡಿಕೊಳ್ಳುವ, ಕಣ್ಣು ಕಾಣುವ ಇಪ್ಪತ್ತು ವರ್ಷದವರಿಗೆ ನಾನು ಹಳೆಯದನ್ನೇ ಹೇಳುತ್ತೇನೆ. ನಾಳೆ ಸೆಟ್ಟಿನಲ್ಲಿ ಸೌಂಡ್ ಮಿಕ್ಸರ್ ಎದುರು ಕೂತಾಗ ಲೆವೆಲ್ ಇಡುವ ಕೈ ಬೇಕು, ಆ ಕೈ ಈ ಡಯಲ್ ತಿರುಗಿಸಿ ತಿರುಗಿಸಿಯೇ ಬರುತ್ತದೆ.

ಇದರ ಜೊತೆ ಓದು ಬೇಕು ಅನಿಸಿದರೆ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ಸೌಂಡ್ ರೆಕಾರ್ಡಿಂಗ್ ಡಿಪ್ಲೊಮಾ ಇದೆ, ಆ ಕಡೆ ಮೊದಲು ವಿಚಾರಿಸಿ. ಲಕ್ಷಗಟ್ಟಲೆ ಫೀಸಿನ ಖಾಸಗಿ ಕೋರ್ಸುಗಳನ್ನು ಆಮೇಲೆ ನೋಡಿ. ಎಡಿಟಿಂಗ್ ಕಲಿಯಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಉಚಿತ. ರೀಪರ್ ಅನ್ನುವ ಇನ್ನೊಂದನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು.

ದುಡ್ಡಿನ ಮಾತೂ ಹೇಳಬೇಕು, ಯಾಕೆಂದರೆ ಹೊಸಬರು ಸೋಲುವುದು ಅಲ್ಲೇ. ಮೊದಲ ಬಿಲ್ಲಿನಿಂದಲೇ ಎರಡು ಸಾಲು ಬರೆಯಿರಿ: ಒಂದು ನಿಮ್ಮ ದಿನದ ಕೂಲಿ, ಇನ್ನೊಂದು ಉಪಕರಣದ ಬಾಡಿಗೆ. ಯಂತ್ರ ಸಣ್ಣದು ಅಂತ ಬಾಡಿಗೆ ಹಾಕುವುದನ್ನು ಬಿಡಬೇಡಿ, ಕಡಿಮೆ ಹಾಕಿ, ಆದರೆ ಹಾಕಿ. ಬೆಂಗಳೂರಿನ ಒಂದು ಪ್ರೊಡಕ್ಷನ್ ಹೌಸಿನವರು "ಇದು ಬರೀ ಸಣ್ಣ ರೆಕಾರ್ಡರ್ ಅಲ್ವಾ, ಇದಕ್ಕೂ ಬಾಡಿಗೆನಾ?" ಅಂತ ನನ್ನನ್ನು ಕೇಳಿದ್ದರು, ಪೇಮೆಂಟನ್ನೂ ತಿಂಗಳುಗಟ್ಟಲೆ ಎಳೆದರು. ಅವರ ಫಿಲ್ಮಿನ ಅರ್ಧ ಸೌಂಡ್ ಬಂದದ್ದು ಆ ಸಣ್ಣ ರೆಕಾರ್ಡರಿನಿಂದಲೇ. ಈಗ ಅಡ್ವಾನ್ಸ್ ಬರದೆ ನಾನು ಊರು ಬಿಡುವುದಿಲ್ಲ, ಬಾಕಿ ಬರದೆ ಪೂರ್ತಿ ಫೈಲ್ ಕೊಡುವುದಿಲ್ಲ. ನೀವೂ ಹಾಗೇ ಮಾಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಸ ಮಾಡೆಲ್ ಬಂದ ಮೇಲೆ ಎಚ್‌1ಎನ್ ಸೆಕೆಂಡ್ ಹ್ಯಾಂಡ್ ಸಿಗುವುದು ಸುಲಭವಾಗಿದೆ. ತಗೊಳ್ಳುವ ಮೊದಲು ಸೆಲ್, ಕಾರ್ಡ್, ಹೆಡ್‌ಫೋನ್ ಮೂರೂ ನಿಮ್ಮದೇ ತಗೊಂಡು ಹೋಗಿ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಚಿಟಿಕೆ ಹೊಡೆದು ಎರಡೂ ಮೈಕ್ ಸಮ ಕೇಳುತ್ತವೆಯೇ ನೋಡಿ. ರೆಕಾರ್ಡ್ ಆಗುತ್ತಿರುವಾಗಲೇ ಡಯಲನ್ನು ಪೂರ್ತಿ ತಿರುಗಿಸಿ, ಲೆವೆಲ್ ಎಲ್ಲೂ ನೆಗೆಯದೆ ಒಂದೇ ಸಮ ಏರಿ ಇಳಿಯಬೇಕು. ಹೆಡ್‌ಫೋನ್ ಪಿನ್ನನ್ನು ಸ್ವಲ್ಪ ಅಲ್ಲಾಡಿಸಿ, ಒಂದು ಕಡೆ ಸದ್ದು ಹೋಗಿ ಬಂದರೆ ಜಾಕ್ ಸಡಿಲ ಆಗಿದೆ ಅಂತ ಅರ್ಥ, ಅಂಥದ್ದು ಬೇಡ. ಸೆಲ್ ಹಾಕುವ ಜಾಗದಲ್ಲಿ ಹಸಿರು ತುಕ್ಕು ಇದ್ದರೂ ಬೇಡ. ಇವೆಲ್ಲ ಸರಿ ಇದ್ದರೆ ಚೌಕಾಸಿ ಶುರು ಮಾಡಿ, ಸ್ಪಂಜಿನ ಟೊಪ್ಪಿ ಇದ್ದರೆ ಅದನ್ನೂ ಸೇರಿಸಿ ಕೊಡಿ ಅಂತ ಕೇಳಿ.