ಚಿತ್ರಕಾರರೇ, ನಿಮ್ಮ ಹೆಸರಿನ ಖಾತೆಯನ್ನು ಪ್ರಚಾರ ಸಂಸ್ಥೆಗಳ ಕೈಗೆ ಕೊಡಬೇಡಿ

ಪುಸ್ತಕ, ಪತ್ರಿಕೆಗಳಿಗೆ ಚಿತ್ರ ಬರೆದು ಬದುಕುವವರನ್ನು ಹುಡುಕಿಕೊಂಡು ಬಂದು ‘ನಿಮ್ಮನ್ನು ಬ್ರ್ಯಾಂಡ್ ಮಾಡಿಕೊಡುತ್ತೇವೆ’ ಎನ್ನುವ ಬೆಂಗಳೂರಿನ ಸಂಸ್ಥೆಯೊಂದು ನನಗೆ ಮಾಡಿದ್ದನ್ನು, ಇನ್ನೊಬ್ಬರಿಗೆ ಹಾಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನನ್ನ ಮಳಿಗೆಗೆ ಬಂದು ಕಾರ್ಡು ಕೊಟ್ಟು ಹೋದವರು ಇವರು. ಜಾಲತಾಣ, ಇನ್‌ಸ್ಟಾಗ್ರಾಂ, ಚಿತ್ರಕಾರರು ತಮ್ಮ ಕೆಲಸ ತೋರಿಸುವ ಬಿಹ್ಯಾನ್ಸ್ ತಾಣದಲ್ಲೊಂದು ಪುಟ, ಪ್ರಕಾಶಕರಿಗೆ ಪರಿಚಯಪತ್ರ, ಎಲ್ಲ ಸೇರಿ 40,000 ರೂಪಾಯಿ, ಅರ್ಧ ಮುಂಗಡ. ಇಂಥ ಮಾತುಕತೆ ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು. ಆರಂಭದಲ್ಲಿ ದೂರುವಂಥದ್ದು ಏನೂ ಇರಲಿಲ್ಲ.

ಆಮೇಲೊಂದು ದಿನ ಮಕ್ಕಳ ಪುಸ್ತಕಗಳ ಸಂಪಾದಕಿಯೊಬ್ಬರು ಫೋನ್ ಮಾಡಿ, ‘ಹುಣಸೆಮರದ ಕೆಳಗೆ ಆನೆ ಮಲಗಿರುವ ನಿಮ್ಮ ಚಿತ್ರ ಬಹಳ ಹಿಡಿಸಿತು, ಇಡೀ ಪುಸ್ತಕವನ್ನು ಅದೇ ಬಗೆಯಲ್ಲಿ ಮಾಡಿಕೊಡಿ’ ಎಂದರು. ನಾನು ಅಂಥ ಆನೆಯನ್ನು ಬರೆದೇ ಇರಲಿಲ್ಲ. ಸಂಸ್ಥೆಯವರು ನಡೆಸುತ್ತಿದ್ದ ನನ್ನ ಹೆಸರಿನ ಖಾತೆ ತೆರೆದು ನೋಡಿದರೆ ನನ್ನದೇ ಬಣ್ಣಗಳು, ನನ್ನದೇ ಗೆರೆಯ ಓಟ, ಮೂಲೆಯಲ್ಲಿ ನನ್ನದೇ ಸಹಿ. ಆನೆಯ ಕಾಲುಗುರುಗಳು ಮಾತ್ರ ಎಣಿಸಲು ಬಾರದಂತೆ ಒಂದಕ್ಕೊಂದು ಕಲಸಿಹೋಗಿದ್ದವು. ಎಐ ತಂತ್ರಾಂಶದಿಂದ ತೆಗೆದ ಚಿತ್ರ ಅದು. ನಾನು ಗಡುವಿನ ಕೆಲಸದಲ್ಲಿ ಮುಳುಗಿದ್ದ ವಾರಗಳಲ್ಲಿ ಅಂಥವು ಇನ್ನೂ ಹಲವು ಸೇರಿಕೊಂಡಿದ್ದವು. ಅದು ನನ್ನದಲ್ಲವೆಂದು ಹೇಳಲು ನಾಲಗೆ ಏಳಲಿಲ್ಲ. ಹೇಳಿದ ಮೇಲೆ ಆ ಸಂಪಾದಕಿ ಕೇಳಿದ್ದು, ‘ಹಾಗಾದರೆ ಉಳಿದವುಗಳಲ್ಲಿ ನಿಮ್ಮದು ಯಾವುದು?’ ಆ ಪುಸ್ತಕ ನನಗೆ ಬರಲಿಲ್ಲ.

ಸಂಸ್ಥೆಯವರ ಉತ್ತರ ಕೇಳಿ: ‘ವಾರಕ್ಕೆ ಐದು ಪೋಸ್ಟ್ ಬೇಕು, ನೀವು ಕೊಡುತ್ತಿದ್ದುದು ಎರಡು. ಉಳಿದದ್ದನ್ನು ನಿಮ್ಮ ಶೈಲಿಯಲ್ಲೇ ತುಂಬಿದ್ದೇವೆ, ಹೆಚ್ಚು ಲೈಕ್ ಬಂದಿರುವುದೂ ಅವಕ್ಕೇ.’ ಅವಕ್ಕೇ ಅಂತೆ! ತೆಗೆದುಹಾಕಿ ಎಂದರೆ ‘ರೀಚ್ ಬೀಳುತ್ತದೆ’, ಅಂದರೆ ನೋಡುವವರು ಕಡಿಮೆಯಾಗುತ್ತಾರಂತೆ. ಪಾಸ್‌ವರ್ಡ್ ಕೊಡಿ ಎಂದರೆ ‘ಮೊದಲು ಬಾಕಿ ತೀರಿಸಿ’. ಬಾಕಿ ತೀರಿಸಿದ ಮೇಲೆ ‘ಖಾತೆ ಬೆಳೆಸಿದವರು ನಾವು, ಅದು ಸಂಸ್ಥೆಯ ಸ್ವತ್ತು’. ನನ್ನ ಹೆಸರಿನ ಡೊಮೈನನ್ನೂ, ಅಂದರೆ ಜಾಲತಾಣದ ವಿಳಾಸವನ್ನೂ, ಅವರ ಹೆಸರಿನಲ್ಲೇ ನೋಂದಾಯಿಸಿದ್ದರು. ಹೆಸರು ನನ್ನದು, ಸ್ವತ್ತು ಅವರದು.

ಖಾತೆಯಲ್ಲಿ ಪ್ರಕಟವಾದ ಚಿತ್ರಗಳ ಹಕ್ಕೆಲ್ಲ ತಮ್ಮದೆಂದು ಒಪ್ಪಂದದ ಸಾಲೊಂದನ್ನು ತೋರಿಸಿ ಹೆದರಿಸಿದರು. ವಕೀಲರು ಹೇಳಿದ ಮೇಲೆ ತಿಳಿದದ್ದು, 1957ರ ಹಕ್ಕುಸ್ವಾಮ್ಯ ಕಾಯಿದೆಯ 19ನೇ ಕಲಮಿನಂತೆ, ಅವಧಿ ಬರೆಯದ ಹಕ್ಕಿನ ಹಸ್ತಾಂತರ 5 ವರ್ಷಕ್ಕೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಹಕ್ಕು ಕೊಟ್ಟ ಮೇಲೂ ಚಿತ್ರ ಬರೆದವರು ನಾವೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೇ ಕಲಮು ಉಳಿಸಿದೆ. ಬರೆಯದೇ ಇದ್ದದ್ದು ನನ್ನದಲ್ಲವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಅವಮಾನಕ್ಕೆ ಯಾವ ಕಲಮಿದೆಯೋ ಕಾಣೆ.

ಡೊಮೈನನ್ನು ನಿಮ್ಮ ಇಮೇಲ್‌ನಿಂದ, ನಿಮ್ಮ ಹಣದಿಂದ ನೀವೇ ಕೊಳ್ಳಿ. ಖಾತೆಯನ್ನು ನಿಮ್ಮ ಫೋನ್ ನಂಬರಿಗೇ ಜೋಡಿಸಿಕೊಳ್ಳಿ. ನೀವು ಒಪ್ಪದ ಒಂದು ಚಿತ್ರವೂ ಪ್ರಕಟವಾಗಕೂಡದೆಂದು ಒಪ್ಪಂದದಲ್ಲೇ ಬರೆಸಿ; ‘ಅದೆಲ್ಲ ನಂಬಿಕೆಯ ಮೇಲೆ’ ಎಂದು ನಕ್ಕರೆ ಎದ್ದು ಬನ್ನಿ. ನನ್ನ ಹಳೆಯ ಖಾತೆ ಇನ್ನೂ ಅವರ ಕೈಯಲ್ಲಿದೆ, ಈಗಲೂ ಹೊಸ ಚಿತ್ರಗಳು ಬರುತ್ತಲೇ ಇವೆ. ಪ್ರಕಾಶಕರು ದಯವಿಟ್ಟು ಅದನ್ನು ನೋಡಿ ನನಗೆ ಕೆಲಸ ಕೊಡಬೇಡಿ. ನೇರವಾಗಿ ನನ್ನನ್ನೇ ಕೇಳಿ, ಚಿತ್ರ ಬರೆದ ಮೂಲ ಕಾಗದಗಳನ್ನು ತಂದು ತೋರಿಸುತ್ತೇನೆ.