ಟೀಕಪ್ ನಾಯಿ ಅಂತ ಮಾರಲು ಬಂದರೆ ಮೊದಲು ಬಾಯಿ ತೆರೆದು ಹಲ್ಲು ನೋಡಿ

ಆರು ತಿಂಗಳ ಹಿಂದೆ ನಮಗೆ ನಾಯಿಮರಿ ಮಾರಿ ಮೋಸ ಮಾಡಿದವನ ಅದೇ ವಿಡಿಯೋ ನಿನ್ನೆ ರಾತ್ರಿ ಇನ್ನೊಂದು ಗ್ರೂಪಿನಲ್ಲಿ ಕಣ್ಣಿಗೆ ಬಿತ್ತು. ಅದೇ ಬಿಳಿ ನಾಯಿ, ಅದೇ ನೀಲಿ ಚಾದರ, ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡ ಅದೇ ಹುಡುಗಿ. ಕೆಳಗೆ "ಎರಡೇ ಮರಿ ಉಳಿದಾವ. ಬಾಗಲಕೋಟಿ, ವಿಜಯಪುರ, ಬೆಳಗಾವಿ ಡೆಲಿವರಿ" ಅಂತ ಬರೆದಿದ್ದಾನೆ. ನಂಬರ್ ಮಾತ್ರ ಬೇರೆ. ಹತ್ತು ಜನ ಆಗಲೇ "ರೇಟ್ ಎಷ್ಟು?" ಅಂತ ಕೇಳಿದ್ದಾರೆ. ಮನೆಯವರು ಬೇಡ ಅಂದರೂ ನಾನು ಬರೆಯುತ್ತಿದ್ದೇನೆ. ಆರು ತಿಂಗಳಿಂದ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗಲ್ಲ.

ನಾವು ಇರುವುದು ಬಾಗಲಕೋಟೆ ನವನಗರದಲ್ಲಿ. ಎರಡು ರೂಮು, ಒಂದು ಅಡುಗೆಮನೆ, ಮುಂದೆ ಎರಡು ಬೈಕ್ ನಿಲ್ಲುವಷ್ಟು ಜಾಗ. ಬಾಡಿಗೆ ಮನೆ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಎರಡು ವರ್ಷದಿಂದ ನಾಯಿಮರಿ ಬೇಕು ಅಂತ ಮಗಳ ಹಟ.

ನಾವೇನೂ ಯೋಚನೆ ಮಾಡದೆ ತಂದವರಲ್ಲ. ಮುಧೋಳ ನಮ್ಮ ಜಿಲ್ಲೆಯದೇ, ಮುಧೋಳ ನಾಯಿಯನ್ನೇ ತರೋಣ ಅಂತ ಮೊದಲು ಅನ್ನಿಸಿತ್ತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ಸೈನ್ಯದವರೂ ತರಬೇತಿಗೆ ತೆಗೆದುಕೊಂಡು ಹೋದ ನಾಯಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವೇ ಇದೆ. ಆದರೆ ಲೋಕಾಪುರದಲ್ಲಿ ಆ ನಾಯಿ ಸಾಕಿರುವ ನಮ್ಮ ಸಂಬಂಧಿಕರೊಬ್ಬರು ಫೋನಿನಲ್ಲೇ ಬೇಡ ಅಂದರು. "ಅದು ಹೊಲದಾಗ ಓಡೂ ನಾಯಿ. ಎರಡು ರೂಮಿನ್ಯಾಗ ಕಟ್ಟಿ ಹಾಕಿದ್ರ ಅದಕ್ಕೂ ಶಿಕ್ಷಾ, ನಿಮಗೂ ಶಿಕ್ಷಾ. ಸಣ್ಣ ಹುಡುಗ್ರು ಜಗ್ಗಾಡಿದ್ರ ಅದು ತಾಳಂಗಿಲ್ಲ" ಅಂದರು. ಸರಿ, ಬಿಟ್ಟೆವು.

ಪಗ್ ನೋಡಿದೆವು. ಚಪ್ಪಟೆ ಮುಖದ ನಾಯಿ, ಸರಿಯಾಗಿ ತೇಕಲು ಆಗದೆ ಸೆಕೆಗೆ ಒದ್ದಾಡುತ್ತದೆ ಅಂತ ಗೊತ್ತಾಯಿತು. ನಮ್ಮ ಏಪ್ರಿಲ್ ಬಿಸಿಲಿಗೆ ಮನುಷ್ಯರೇ ಒದ್ದಾಡುತ್ತೇವೆ. ಲ್ಯಾಬ್ರಡಾರ್ ಮಕ್ಕಳ ಜೊತೆ ಬಹಳ ಒಳ್ಳೆಯದು ಅಂತ ಎಲ್ಲರೂ ಹೇಳಿದರು. ವಿಜಯಪುರದ ನನ್ನ ತಂಗಿ ಮನೆಯಲ್ಲಿ ಒಂದಿದೆ, 30 ಕೆಜಿ ಇದೆ, ಬಾಲ ಬೀಸಿದರೆ ಟೀಪಾಯಿ ಮೇಲಿನ ಲೋಟ ಕೆಳಗೆ. ನಮ್ಮ ಮನೆಗೆ ಹೇಗೆ ಆಗುತ್ತದೆ? ಬೀಗಲ್ ಬೊಗಳಿ ಊಳಿಡುತ್ತದೆ, ಓನರ್ ಬಿಡಲ್ಲ. ಹೀಗೆ ಒಂದೊಂದೇ ಬಿಡುತ್ತಾ ಬಂದು ಉಳಿದದ್ದು ಸಣ್ಣ ಪಾಮ್, ಅಂದರೆ ಪಮೇರಿಯನ್.

ಮಾವನವರು ಒಂದು ಮಾತು ಹೇಳಿದ್ದರು. "ಯವ್ವಾ, ನಮ್ಮ ಓಣ್ಯಾಗ ಐದು ಮರಿ ಹಾಕೇತಿ, ಅದರಾಗ ಒಂದು ತಗೊಂಡು ಬಾ. ನಮ್ಮ ಬಿಸಲಿಗೆ ಹೊಂದಿಕೊಂಡಿದ್ದು, ತಾಯಿನೂ ಕಣ್ಣ ಮುಂದ ಐತಿ" ಅಂತ. ನಾನು ಬೇಡ ಅಂದೆ. ಬೀದಿ ನಾಯಿ ತಂದರೆ ಜನ ಏನಂದಾರು ಅಂತ. ಅದನ್ನು ಈಗ ಬರೆಯುವಾಗಲೂ ಮೈ ಬಿಸಿಯಾಗುತ್ತದೆ.

ಆ ವಿಡಿಯೋ ಬಂದದ್ದು ಆಗಲೇ. "ಟೀಕಪ್ ಪಾಮ್. ಫ್ಲಾಟಿಗೆ, ಸಣ್ಣ ಮನಿಗೆ ಹೇಳಿ ಮಾಡಿಸಿದ್ದು. 2 ಕೆಜಿ ದಾಟಂಗಿಲ್ಲ. ಹುಡುಗ್ರಿಗೆ ಬೆಸ್ಟ್." ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದ. ಅಕ್ಕಾರ, ಅಕ್ಕಾರ ಅನ್ನದೆ ಒಂದು ಮಾತಿಲ್ಲ. ಮರಿಗೆ 75 ದಿನ ಆಗಿದೆ, ಎಲ್ಲಾ ಲಸಿಕೆ ಆಗಿದೆ, ರೇಬೀಸ್ ಕೂಡ ಆಗಿದೆ, ಕಾರ್ಡ್ ಕೊಡುತ್ತೇನೆ ಅಂದ. 18 ಸಾವಿರ ಅಂದ, 16ಕ್ಕೆ ಇಳಿದ. ನನ್ನ ಚೀಟಿ ದುಡ್ಡು ಬಂದಿತ್ತು. 5 ಸಾವಿರ ಆಗಲೇ ಫೋನ್‌ಪೇ ಮಾಡಿದೆ. ಹಣ ಹೋದ ಹೆಸರು ಅವನು ಹೇಳಿದ ಹೆಸರಲ್ಲ. "ತಮ್ಮನ ನಂಬರ್ ಐತ್ರಿ" ಅಂದ. ಒಪ್ಪಿಕೊಂಡೆ.

ತಾಯಿ ನಾಯಿ ನೋಡಬೇಕು ಅಂದೆ. "ಫಾರ್ಮಿನ್ಯಾಗ ಹೊರಗಿನವರನ್ನ ಬಿಡಂಗಿಲ್ರಿ ಅಕ್ಕಾರ, ಮರಿಗೆ ಇನ್ಫೆಕ್ಷನ್ ಆಗತೈತಿ. ವಿಡಿಯೋ ಕಳಸೇನಲ್ಲ, ಅದೇ ತಾಯಿ" ಅಂದ. ಮಾತು ಸರಿ ಅನ್ನಿಸಿತು. ಏಪ್ರಿಲ್ ತಿಂಗಳಲ್ಲಿ ಬೆಳಗಾವಿ ಫಾರ್ಮಿನ ವಿಡಿಯೋದಲ್ಲಿ ಹುಡುಗಿ ಸ್ವೆಟರ್ ಯಾಕೆ ಹಾಕಿಕೊಂಡಿದ್ದಾಳೆ ಅಂತ ನನಗೆ ಹೊಳೆಯಲೇ ಇಲ್ಲ. ಹತ್ತು ಸಲ ನೋಡಿದ್ದೆ ಆ ವಿಡಿಯೋನ. ಹತ್ತು ಸಲ!

ಮನೆಗೆ ಬರುತ್ತೇನೆ ಅಂದವನು ಕೊನೆಗೆ ಗದ್ದನಕೇರಿ ಕ್ರಾಸಿಗೆ ಬನ್ನಿ ಅಂದ. ಕಾರು ನಿಲ್ಲಿಸಿ, ಹಿಂದಿನ ಸೀಟಿನಿಂದ ಒಂದು ಬಿಸ್ಕೀಟ್ ಬಾಕ್ಸ್ ತೆಗೆದ. ಒಳಗೆ ಪೇಪರ್ ಮೇಲೆ ಬಿಳಿ ಉಂಡೆ. ಕಣ್ಣು ಸ್ವಲ್ಪ ನೀಲಿ. ಅಂಗೈಯಲ್ಲಿ ಹಿಡಿಸುವಷ್ಟು. "ನೋಡ್ರಿ, 75 ದಿನಕ್ಕ ಇಷ್ಟ ಐತಿ ಅಂದ್ರ ತಿಳಕೋರಿ, ಒರಿಜಿನಲ್ ಟೀಕಪ್" ಅಂದ. ಉಳಿದ 11 ಸಾವಿರ ಕೈಗೆ ಕೊಟ್ಟೆವು. ಲಸಿಕೆ ಕಾರ್ಡ್ ಮಾತ್ರ ಕೈಗಿಟ್ಟ, ರಸೀದಿ ಕೇಳಿದ್ದಕ್ಕೆ ಉಳಿದ ಪೇಪರ್ ಎಲ್ಲಾ ಆಮೇಲೆ ಕೊರಿಯರ್ ಮಾಡುತ್ತೇನೆ ಅಂದ. ಐದು ನಿಮಿಷದಲ್ಲಿ ಕಾರು ಹೋಯಿತು.

ಮನೆಗೆ ಬಂದ ಮೇಲೆ ಮಗಳು ಅಡುಗೆಮನೆಯಿಂದ ದೊಡ್ಡ ಟೀ ಕಪ್ ತಂದು ಮರಿಯ ಪಕ್ಕದಲ್ಲಿಟ್ಟು "ಮಮ್ಮಿ, ಇದರೊಳಗ ಕೂಡ್ತದೇನು?" ಅಂತ ಕೇಳಿದಳು. ಮರಿ ಆ ಕಪ್ಪಿನ ಅಂಚನ್ನು ಚೀಪಲು ಶುರು ಮಾಡಿತು. ಚೀಪುತ್ತಿತ್ತು, ಕಚ್ಚುತ್ತಿರಲಿಲ್ಲ. ಹಾಲು ಹುಡುಕುತ್ತಿತ್ತು. ಆಗಲೂ ನನಗೆ ಗೊತ್ತಾಗಲಿಲ್ಲ. ಎರಡು ಮಕ್ಕಳ ತಾಯಿ ನಾನು.

ರಾತ್ರಿಯೆಲ್ಲಾ ಅತ್ತಿತು. ಮರುದಿನ ಸಂಜೆ ಮಗ ಅದರ ಬಾಯಿಗೆ ಬೆರಳು ಕೊಟ್ಟು ಆಡುತ್ತಿದ್ದ. ಮುಂದಿನ ಹಲ್ಲು ಸೂಜಿಯಂತೆ ಇತ್ತು, ಚರ್ಮ ಗೀರಿತು. ರಕ್ತ ಬರಲಿಲ್ಲ. ಸೋಪು ಹಚ್ಚಿ ನೀರಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋದೆವು. ಕಾರ್ಡ್ ತೋರಿಸಿ, ಮರಿಗೆ ರೇಬೀಸ್ ಲಸಿಕೆ ಆಗಿದೆ ಅಂದೆ. ಡಾಕ್ಟರ್ ಕಾರ್ಡ್ ತಿರುಗಿಸಿ ನೋಡಿ, "ಇದನ್ನ ನಂಬಿ ಕೂಸಿಗೆ ಇಂಜೆಕ್ಷನ್ ಬಿಡೋದು ಬ್ಯಾಡ್ರಿ" ಅಂದರು. ಆ ದಿನ ಒಂದು, ಮೂರನೇ ದಿನ, ಏಳನೇ ದಿನ, 28ನೇ ದಿನ. ನಾಲ್ಕು ಸಲ ಆ ಹುಡುಗನನ್ನು ಹಿಡಿದುಕೊಂಡು ಕೂತೆ.

ಮರುದಿನ ಬೆಳಿಗ್ಗೆ ಪಶುವೈದ್ಯರ ಹತ್ತಿರ ಹೋದೆವು. ಅವರು ಕಾರ್ಡ್ ಕೇಳಲೇ ಇಲ್ಲ. ಮೊದಲು ಮರಿಯ ತುಟಿ ಎತ್ತಿ ಬಾಯಿ ತೆರೆದರು. ನನ್ನನ್ನು ಹತ್ತಿರ ಕರೆದು ಬೆರಳಿಟ್ಟು ತೋರಿಸಿದರು. ಮುಂದೆ ಕೋರೆ ಹಲ್ಲಿನ ತುದಿ, ನಡುವೆ ಅರ್ಧಂಬರ್ಧ ಬಂದ ಅಕ್ಕಿ ಕಾಳಿನಂಥ ಹಲ್ಲು. ಹಿಂದೆ ದವಡೆ ಪೂರ್ತಿ ಖಾಲಿ, ಬರೀ ಗುಲಾಬಿ ವಸಡು. "ಎರಡು ತಿಂಗಳು ತುಂಬಿದ ಮರಿಗೆ 28 ಹಾಲು ಹಲ್ಲೂ ಇರಬೇಕ್ರಿ. ಇದಕ್ಕ ಐದು ವಾರ ಆಗಿದ್ರ ಹೆಚ್ಚು. ಇನ್ನೂ ತಾಯಿ ಹಾಲು ಕುಡಿಯೂ ಕೂಸು" ಅಂದರು.

ಆಗ ಕಾಲ ಕೆಳಗಿನ ನೆಲ ಜಾರಿದಂತಾಯಿತು. ನಾನು 16 ಸಾವಿರ ಕೊಟ್ಟದ್ದು ಸಣ್ಣ ಜಾತಿಗೆ ಅಲ್ಲ. ಸಣ್ಣ ವಯಸ್ಸಿಗೆ! ಅದು ಅಂಗೈಯಲ್ಲಿ ಹಿಡಿಸಿದ್ದು ಟೀಕಪ್ ಅಂತ ಅಲ್ಲ, 35 ದಿನದ ಕೂಸು ಅಂತ. ಅವನು ಆ ಪುಟ್ಟ ಮೈಯನ್ನೇ ತೋರಿಸಿ "ಒರಿಜಿನಲ್" ಅಂದಿದ್ದ.

ಟೀಕಪ್ ಅನ್ನುವ ಜಾತಿಯೇ ಇಲ್ಲವಂತೆ. ನಾಯಿ ತಳಿಗಳನ್ನು ನೋಂದಾಯಿಸುವ ಕೆನೆಲ್ ಕ್ಲಬ್‌ನವರು ಅಂಥ ಹೆಸರಿನ ತಳಿಯನ್ನು ಒಪ್ಪುವುದೇ ಇಲ್ಲ. ನಮ್ಮ ಕಡೆ ಪಮೇರಿಯನ್ ಅಂತ ಮಾರುವುದು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್. ಅದು ಒಳ್ಳೆಯ ನಾಯಿಯೇ, ನಮ್ಮ ಹವೆಗೂ ಹೊಂದುತ್ತದೆ, ಆದರೆ 2 ಕೆಜಿಗೆ ನಿಲ್ಲಲ್ಲ. ಆಮೇಲೆ ಕಾರ್ಡ್ ನೋಡಿದರು. ನಿಜವಾಗಿ ಲಸಿಕೆ ಹಾಕಿದ್ದರೆ ಬಾಟಲಿ ಮೇಲಿನ ಸ್ಟಿಕರ್ ಕಿತ್ತು ಕಾರ್ಡಿಗೆ ಅಂಟಿಸುತ್ತಾರೆ, ಬ್ಯಾಚ್ ನಂಬರ್ ಇರುತ್ತದೆ. ನಮ್ಮ ಕಾರ್ಡಿನಲ್ಲಿ ಸ್ಟಿಕರ್ ಒಂದೂ ಇಲ್ಲ. ಮೂರು ತಾರೀಖು, ಮೂರೂ ಒಂದೇ ನೀಲಿ ಪೆನ್ನು, ಒಂದೇ ಕೈಬರಹ. ಸೀಲು ಅಲುಗಾಡಿಸಿ ಒತ್ತಿದ್ದು, ಒಂದಕ್ಷರ ಓದಲು ಆಗಲ್ಲ. ರೇಬೀಸ್ ಲಸಿಕೆ ಸಾಮಾನ್ಯವಾಗಿ ಹಾಕುವುದೇ ಮೂರು ತಿಂಗಳಿಗೆ. ಅವನ ಲೆಕ್ಕದಲ್ಲೇ ಮರಿಗೆ 75 ದಿನ. ಅವನ ಸುಳ್ಳಿಗೆ ಅವನ ಕಾರ್ಡೇ ಸಾಕ್ಷಿ. ನಾನು ಓದಿದವಳು, ಅದನ್ನು ಓದಲಿಲ್ಲ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಏನೆಂದ ಗೊತ್ತಾ? "ಟೀಕಪ್‌ಗೆ ಹಲ್ಲು ತಡ ಬರ್ತಾವ್ರಿ ಅಕ್ಕಾರ." ಡಾಕ್ಟರ್ ಪಕ್ಕದಲ್ಲೇ ಇದ್ದಾರೆ ಅಂದೆ. "ಅವರು ದನದ ಡಾಕ್ಟರ್ ಇರ್ಬೇಕ್ರಿ, ಫಾರಿನ್ ಬ್ರೀಡ್ ಅವರಿಗೆ ತಿಳಿಯಂಗಿಲ್ಲ" ಅಂದ. ಸ್ಪೀಕರ್ ಹಾಕಿತ್ತು. ಡಾಕ್ಟರ್ ಏನೂ ಅನ್ನಲಿಲ್ಲ, ಸುಮ್ನೆ ಮರಿಯ ಜ್ವರ ನೋಡುತ್ತಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಐದನೇ ದಿನ ಮರಿ ವಾಂತಿ ಶುರು ಮಾಡಿತು. ಆಮೇಲೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯಲ್ಲ. ಪಾರ್ವೋ, ನಾಯಿಮರಿಗಳಿಗೆ ಹತ್ತುವ ವೈರಸ್ ರೋಗ. ಆ ವೈರಸ್ ಕೊಲ್ಲುವ ಔಷಧ ಇಲ್ಲವಂತೆ. ಸಲೈನ್ ಹಾಕಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಹತ್ತದಂತೆ ಇಂಜೆಕ್ಷನ್ ಕೊಟ್ಟು ಕಾಯುವುದಷ್ಟೇ. ಐದು ದಿನ ಬೆಳಿಗ್ಗೆ ಸಂಜೆ ಡ್ರಿಪ್. ಆ ಸಣ್ಣ ಕಾಲಿಗೆ ಸೂಜಿ ಚುಚ್ಚುವ ಜಾಗವೇ ಇರಲಿಲ್ಲ, ಕೂದಲು ಬೋಳಿಸಿ ಎರಡೂ ಕಾಲಿಗೆ ಪಟ್ಟಿ ಸುತ್ತಿದ್ದರು. ಮಗಳು ಶಾಲೆಯಿಂದ ಬಂದವಳೇ "ಇದೆಯಾ?" ಅಂತ ಕೇಳುತ್ತಿದ್ದಳು. ಅದೊಂದೇ ಪ್ರಶ್ನೆ. ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

ಆ ಐದು ದಿನದಲ್ಲಿ ಅವನು ಕಳಿಸಿದ ಮೆಸೇಜು, ವಾಯ್ಸ್ ಎಲ್ಲಾ ಇಟ್ಟುಕೊಂಡಿದ್ದೇನೆ. ಮೊದಲನೆಯದು, "ಕೊಡೂ ಮುಂದ ಆಡ್ಕೋತ ಇತ್ತಲ್ರಿ? ನಿಮ್ಮನ್ಯಾಗ ಏನು ತಿನ್ನಿಸೀರೋ ಏನೋ." ಎರಡನೆಯದು, "ಹುಡುಗ್ರು ಇರೂ ಮನ್ಯಾಗ ಹಿಂಗ ಆಗತೈತ್ರಿ, ಎತ್ತಿ ಒಗದಿರಬೇಕು." ನನ್ನ ಮಕ್ಕಳು ಎತ್ತಿ ಎಸೆದರಂತೆ! ಮೂರನೆಯದು, "ಈ ಮರಿ ಹೋದ್ರ ಹೋಗಲಿ ಅಕ್ಕಾರ, ಅರ್ಧ ರೊಕ್ಕ ಕೊಡ್ರಿ, ಇನ್ನೊಂದು ಮರಿ ತಂದು ಕೊಡ್ತೇನಿ." ಹೋದರೆ ಹೋಗಲಿ! ಪಾರ್ವೋ ಬಂದ ಮನೆಯಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಬ್ಲೀಚ್ ಹಾಕಿ ನೆಲ ತೊಳೆಯಲು ಡಾಕ್ಟರ್ ಹೇಳಿದ್ದರು. ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ಅಲ್ಲಿಗೆ ತಂದರೆ ಅದೂ ಸಾಯಬಹುದು. ಮರಿ ಮಾರುವ ಕೆಲಸ ಮಾಡುವವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲ್ಲ.

ಪೊಲೀಸರಿಗೆ ಹೇಳುತ್ತೇನೆ ಅಂದ ಮೇಲೆ ಬ್ಲಾಕ್ ಮಾಡಿದ. ನಮ್ಮ ಮನೆಯವರು ಬೇರೆ ನಂಬರಿನಿಂದ ಫೋನ್ ಮಾಡಿದರೆ ಅದೇ ದನಿ, "ಯಾರ್ರೀ ನೀವು? ನಾ ನಾಯಿ ಮಾರಂಗಿಲ್ಲ" ಅಂತು. ನಮ್ಮ ಹತ್ತಿರ ರಸೀದಿ ಇಲ್ಲ. ದುಡ್ಡು ಹೋದ ಹೆಸರು ಬೇರೆ. ಕಾರಿನ ನಂಬರ್ ನೋಡಿಕೊಳ್ಳಲಿಲ್ಲ.

ಮಾವನವರು ಒಂದೇ ಸಲ ಕೇಳಿದರು. "ಸಂತ್ಯಾಗ ಹೋರಿ ತಗೊಳ್ಳಾವ ಮೊದಲು ಬಾಯಿ ತೆಗೆದು ಹಲ್ಲು ನೋಡ್ತಾನ. ನೀವಿಬ್ರೂ ಹೋಗಿದ್ರಿ, ಒಬ್ರೂ ನೋಡಲಿಲ್ಲೇನು?" ಅವರು ಬೈಯಲಿಲ್ಲ. ಜೀವನವಿಡೀ ಎತ್ತಿನ ವ್ಯಾಪಾರ ನೋಡಿದ ಮನುಷ್ಯ ಮನೆಯಲ್ಲೇ ಇದ್ದರು. ಅವರನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಅಂತ ನನಗೆ ಅನ್ನಿಸಲಿಲ್ಲ.

ಮರಿ ಉಳಿಯಿತು. ಉಳಿಯುತ್ತದೆ ಅಂತ ಡಾಕ್ಟರಿಗೂ ಭರವಸೆ ಇರಲಿಲ್ಲ. ಈಗ ಏಳು ತಿಂಗಳು ದಾಟಿದೆ, 8 ಕೆಜಿ ಇದೆ. ಮಗಳು ಅದನ್ನು ಬಿಟ್ಟು ಇರಲ್ಲ. ಆದರೆ ಕೈ ಕಚ್ಚಿ ಆಡುವ ಚಟ ಇನ್ನೂ ಪೂರ್ತಿ ಹೋಗಿಲ್ಲ. ಮರಿಗಳು ಒಂದಕ್ಕೊಂದು ಕಚ್ಚಿ ಆಡುವಾಗ ನೋವಾದದ್ದು ಕಿರುಚುತ್ತದೆ, ಇನ್ನೊಂದು ಬಿಡುತ್ತದೆ. ಎಷ್ಟು ಮೆತ್ತಗೆ ಕಚ್ಚಬೇಕು ಅಂತ ಕಲಿಯುವುದು ಹಾಗೆ, ತಾಯಿ ಮತ್ತು ಅಣ್ಣತಮ್ಮಂದಿರ ನಡುವೆ. ಇದಕ್ಕೆ ಆ ವಾರಗಳೇ ಸಿಗಲಿಲ್ಲ. ನಾಲ್ಕು ವರ್ಷದ ಹುಡುಗ ಇರುವ ಮನೆಗೆ ಇದು ಸಣ್ಣ ವಿಷಯ ಅಲ್ಲ. ಮಗನನ್ನು ಅದರ ಜೊತೆ ಒಬ್ಬನೇ ಬಿಡಲ್ಲ.

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ ಕೇಂದ್ರ ಸರ್ಕಾರ 2017ರಲ್ಲೇ ನಿಯಮ ಮಾಡಿದೆ. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ನಂಬರ್ ಕೇಳಿ. ನಾನು ಕೇಳಲಿಲ್ಲ, ಅಂಥದ್ದು ಇದೆ ಅಂತಲೇ ಗೊತ್ತಿರಲಿಲ್ಲ. ತಾಯಿ ನಾಯಿಯನ್ನು ಕಣ್ಣಾರೆ ತೋರಿಸದಿದ್ದರೆ ಅಡ್ವಾನ್ಸ್ ಹಾಕಬೇಡಿ, ಒಂದು ರೂಪಾಯಿ ಹಾಕಬೇಡಿ. ಕ್ರಾಸಿಗೆ ಬನ್ನಿ, ಬಸ್‌ಸ್ಟ್ಯಾಂಡಿಗೆ ಬನ್ನಿ ಅಂದರೆ ಹೋಗಬೇಡಿ. ದುಡ್ಡು ಕೊಡುವ ಮೊದಲು ಮರಿಯನ್ನು ನಮ್ಮ ಡಾಕ್ಟರಿಗೆ ತೋರಿಸುತ್ತೇನೆ ಅನ್ನಿ, ಆಗ ಅವನ ಮುಖ ನೋಡಿ. ಹಲ್ಲು ನೋಡಿ. ದವಡೆ ನೋಡಿ. ಲಸಿಕೆ ಕಾರ್ಡಿನಲ್ಲಿ ಸ್ಟಿಕರ್ ಇದೆಯಾ ನೋಡಿ. ಮತ್ತೆ ನಿಮ್ಮ ಓಣಿಯಲ್ಲಿ ಆರೋಗ್ಯವಾಗಿರುವ ಮರಿ ಇದ್ದರೆ, ತಾಯಿ ಕಣ್ಣೆದುರೇ ಇದ್ದರೆ, ಜನ ಏನಂತಾರೆ ಅಂತ ನನ್ನ ಹಾಗೆ ಯೋಚನೆ ಮಾಡಬೇಡಿ.

ನೀಲಿ ಚಾದರದ ಮೇಲೆ ಬಿಳಿ ನಾಯಿ, ಪಕ್ಕದಲ್ಲಿ ಸ್ವೆಟರ್ ಹಾಕಿದ ಹುಡುಗಿ. ಆ ವಿಡಿಯೋ ನಿಮಗೂ ಬಂದಿದ್ದರೆ ಯಾವ ನಂಬರಿನಿಂದ ಬಂತು ಅಂತ ನನಗೆ ಮೆಸೇಜ್ ಮಾಡಿ. ನನ್ನ ಹತ್ತಿರ ಕಾರ್ಡ್ ಇದೆ, ಅವನ ಮೂರೂ ವಾಯ್ಸ್ ಇದೆ. ಇನ್ನೂ ನಾಲ್ಕೈದು ಜನ ಸಿಕ್ಕರೆ ಎಲ್ಲರೂ ಸೇರಿ ದೂರು ಕೊಡೋಣ. ನಾನು ಬರುತ್ತೇನೆ.