ವೈನ್ ಬಾಟಲಿ, ಚೆಕ್-ಇನ್ ಬ್ಯಾಗು ಮತ್ತು ಅತ್ತೆಯ ನಾರಾಯಣಪೇಟೆ ಸೀರೆ

ವಿಮಾನದ ಚೆಕ್-ಇನ್ ಬ್ಯಾಗಿನಲ್ಲಿ ವೈನ್ ಬಾಟಲಿಯನ್ನು ಒಡೆಯದ ಹಾಗೆ ಒಯ್ಯುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಿಪ್ ಇರುವ ಬಬಲ್ ಚೀಲಕ್ಕೆ. ಒಳಗೆ ಗುಳ್ಳೆ ಗುಳ್ಳೆ ಬಬಲ್ ರ‍್ಯಾಪ್, ಹೊರಗೆ ದಪ್ಪ ಪ್ಲಾಸ್ಟಿಕ್, ಬಾಯಿಗೆ ಎರಡು ಸಾಲು ಜಿಪ್, ಅದನ್ನು ಮಡಚಿ ಹಾಕೋಕೆ ಒಂದು ವೆಲ್ಕ್ರೋ ಪಟ್ಟಿ. ಒಂದಕ್ಕೆ 280 ರೂಪಾಯಿ ಕೊಟ್ಟೆ, ನಾಲ್ಕು ತೆಗೆದುಕೊಂಡೆ. ಇಲ್ಲಿಗೆ ಬಂದು ಮುಟ್ಟುವ ಮುಂಚೆ ಬೇರೆ ದಾರಿಗಳನ್ನೆಲ್ಲ ನೋಡಿ ಆಗಿತ್ತು, ಒಂದು ಸೀರೆಯೂ ಹೋಗಿತ್ತು.

ನಾವಿರುವುದು ಪುಣೆಯಲ್ಲಿ, ಹೆಂಡತಿಯ ತವರು ಬೆಂಗಳೂರಿನಲ್ಲಿ. ವರ್ಷಕ್ಕೆ ಎರಡು ಸಲವಾದರೂ ನಮ್ಮ ಗಾಡಿ ನಾಸಿಕ್ ಕಡೆ ತಿರುಗುತ್ತದೆ. ಗಂಗಾಪುರ ಅಣೆಕಟ್ಟಿನ ಆಸುಪಾಸಲ್ಲಿ ಸುಲಾ, ಯಾರ್ಕ್ ಅಂತ ವೈನ್ ಮಾಡುವ ಕಂಪನಿಗಳೆಲ್ಲ ಇವೆ. ನನ್ನ ಬಾಮೈದನಿಗೆ ಅಲ್ಲಿಂದ ತಂದ ಬಾಟಲಿಯೇ ಆಗಬೇಕು. "ಬೆಂಗಳೂರಲ್ಲೇ ಸಿಗಲ್ವೇನ್ರೀ?" ಅಂತ ಹೆಂಡತಿ ಪ್ರತಿ ಸಲ ಕೇಳುತ್ತಾಳೆ. ಸಿಗುತ್ತದೆ. ನಂದಿ ಬೆಟ್ಟದ ಕಡೆಯೇ ವೈನ್ ಮಾಡುತ್ತಾರೆ. ಆದರೆ ಅಲ್ಲಿ ಕೂತು ರುಚಿ ನೋಡಿ, ಇದೇ ಬೇಕು ಅಂತ ಆರಿಸಿ ತಂದದ್ದರ ಖುಷಿಯೇ ಬೇರೆ ಅಲ್ವಾ?

ಮೊದಲ ಸಲ ಎಲ್ಲರೂ ಮಾಡುವ ಹಾಗೆ ಬಟ್ಟೆಯಲ್ಲಿ ಸುತ್ತಿದೆ. ಶಿರಾಜ್ ಅನ್ನುವ ಕೆಂಪು ವೈನಿನ ಎರಡು ಬಾಟಲಿ. ಜೀನ್ಸ್ ಪ್ಯಾಂಟಿನ ಒಂದೊಂದು ಕಾಲಿಗೆ ಒಂದೊಂದನ್ನು ತುರುಕಿ, ನಡುವೆ ಟವೆಲ್ ಇಟ್ಟು, ಬ್ಯಾಗಿನ ಮಧ್ಯಕ್ಕೆ ಮಲಗಿಸಿದ್ದೆ. ಚೆನ್ನಾಗಿಯೇ ಕಟ್ಟಿದ್ದೆ. ಬೆಳಗಿನ ಜಾವದ ವಿಮಾನ. ಪುಣೆಯ ಲೋಹಗಾಂವ್ ಏರ್‌ಪೋರ್ಟಿನಲ್ಲಿ ಬ್ಯಾಗು ಬೆಲ್ಟಿನ ಮೇಲೆ ಹೋಗಿ ಐದು ನಿಮಿಷ ಆಗಿಲ್ಲ, ನನ್ನ ಹೆಸರು ಕೂಗಿದರು. ಚೆಕ್-ಇನ್ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇಟ್ಟಿದ್ದೆ. ಅದನ್ನು ಕೈಬ್ಯಾಗಿನಲ್ಲೇ ಒಯ್ಯಬೇಕು ಅನ್ನುವುದು ಮಕ್ಕಳಿಗೂ ಗೊತ್ತು. ಅದಿದ್ದದ್ದು ತಳದ ಮೂಲೆಯಲ್ಲಿ. ಎಲ್ಲ ಹೊರಗೆ ಎಳೆದು, ಪವರ್ ಬ್ಯಾಂಕ್ ತೆಗೆದು, ಹಿಂದೆ ನಿಂತವರು ನೋಡುತ್ತಿದ್ದಾರೆ ಅಂತ ಗಡಿಬಿಡಿಯಲ್ಲಿ ಎಲ್ಲ ಒಳಗೆ ತುಂಬಿ ಜಿಪ್ ಎಳೆದೆ. ಟವೆಲ್ ಎಲ್ಲಿಗೆ ಹೋಯಿತು ಅಂತ ನೋಡಲಿಲ್ಲ.

ಬೆಂಗಳೂರಿನಲ್ಲಿ ಬ್ಯಾಗು ಬರುವ ಮುಂಚೆ ವಾಸನೆ ಬಂತು. ಒಂದು ಬಾಟಲಿಗೆ ಗೀರೂ ಇಲ್ಲ. ಇನ್ನೊಂದು ಕುತ್ತಿಗೆ ಕೆಳಗೆ, ಅಗಲವಾಗುವ ಕಡೆ, ದುಂಡಗೆ ಒಡೆದಿತ್ತು. ಕುತ್ತಿಗೆ ಮಾತ್ರ ಕಾರ್ಕು ಫಾಯಿಲು ಸಮೇತ ಅಂಗಡಿಯಿಂದ ಈಗ ತಾನೇ ತಂದ ಹಾಗಿತ್ತು. ಬಾಕರವಡಿ ಪೊಟ್ಟಣ ವೈನಿನಲ್ಲಿ ನೆಂದು ಉಪ್ಪಿಟ್ಟಾಗಿತ್ತು. ಲಕ್ಷ್ಮೀ ರೋಡಿನಲ್ಲಿ ಅತ್ತೆಗೆ ಅಂತ ತೆಗೆದಿದ್ದ ಸಾಸಿವೆ ಬಣ್ಣದ ನಾರಾಯಣಪೇಟೆ ಸೀರೆಯ ಸೆರಗು ನೇರಳೆ. "ಹೋಗ್ಲಿ ಬಿಡಿ ಅಳಿಯಂದಿರೇ, ಬಾರ್ಡರಿಗೆ ಮ್ಯಾಚ್ ಆಗುತ್ತೆ" ಅಂದರು ಅತ್ತೆ. ಅದನ್ನು ಅವರು ಉಟ್ಟದ್ದು ನಾನು ಇವತ್ತಿಗೂ ನೋಡಿಲ್ಲ.

ಬಾಮೈದ ಒಂದು ಥಿಯರಿ ಬಿಟ್ಟ. "ಭಾವ, ಮೇಲೆ ಗಾಳಿಯ ಒತ್ತಡ ಇರಲ್ಲ, ಅದಕ್ಕೇ ಸಿಡಿದಿದೆ." ಹಾಗಲ್ಲ. ಸಾಮಾನು ಇಡುವ ಜಾಗಕ್ಕೂ ನಾವು ಕೂರುವ ಜಾಗದಷ್ಟೇ ಒತ್ತಡ ಕೊಟ್ಟಿರುತ್ತಾರೆ. ಸುಮಾರು 6 ರಿಂದ 8 ಸಾವಿರ ಅಡಿ ಎತ್ತರದ ಊರಿನಲ್ಲಿ ಇರುವಷ್ಟು. ಗಟ್ಟಿ ಬಾಟಲಿ ಅದಕ್ಕೆಲ್ಲ ಒಡೆಯುವುದಿಲ್ಲ. ಒಡೆಯುವುದು ಬ್ಯಾಗು ಎತ್ತಿ ಹಾಕಿದಾಗ, ಅದರಲ್ಲೂ ಗಾಜಿಗೆ ಗಾಜು ತಾಗಿದರೆ. ಬಟ್ಟೆಯ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ, ಒಪ್ಪುತ್ತೇನೆ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ನಾನು ಇರುವುದೇ ಹೀಗೆ. ಒಮ್ಮೆ ಬಿಚ್ಚಿದರೆ ಕೆಟ್ಟುಹೋಗುವ ಪ್ಯಾಕಿಂಗ್ ನನ್ನಂಥವನಿಗೆ ಆಗಿಬರುವುದಿಲ್ಲ. ಮೇಲಾಗಿ, ಒಡೆದರೆ ಬಟ್ಟೆ ತಡೆಯುವುದಿಲ್ಲ, ಕುಡಿಯುತ್ತದೆ.

ಮುಂದಿನ ಸಲಕ್ಕೆ ಗಾಳಿ ಚೀಲ. ಉದ್ದುದ್ದ ಕೊಳವೆಗಳನ್ನು ಅಂಟಿಸಿದ ಹಾಗಿರುತ್ತದೆ. ಗಾಳಿ ಹೊಡೆದರೆ ಬಾಟಲಿಯ ಸುತ್ತ ಕೋಟೆ ನಿಲ್ಲುತ್ತದೆ. ಒಂದು ಕೊಳವೆ ತೂತಾದರೂ ಉಳಿದವು ಗಟ್ಟಿಯಾಗಿಯೇ ಇರುತ್ತವೆ. ಪುಣೆಯ ರವಿವಾರ ಪೇಠೆಯಲ್ಲಿ ಒಂದಕ್ಕೆ 35 ರೂಪಾಯಿ ಕೊಟ್ಟೆ, ಜೊತೆಗೆ ಒಂದು ಚಿಕ್ಕ ಕೈಪಂಪು. ಏಟು ತಡೆಯುವುದರಲ್ಲಿ ಇದನ್ನು ಮೀರಿಸಿದ್ದು ನಾನು ನೋಡಿಲ್ಲ, ನನ್ನ ಮೆಚ್ಚಿನ ಚೀಲವನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆದರೆ ಆ ಪಂಪು! ನಾಸಿಕ್‌ಗೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋದೆ. ಅಲ್ಲಿಂದ ರಾತ್ರಿ ಹನ್ನೊಂದಕ್ಕೆ ಪುಣೆ ತಲುಪಿ, ಮಕ್ಕಳ ಬಲೂನಿನ ಪಂಪು, ಸೈಕಲ್ ಪಂಪು, ಎರಡನ್ನೂ ಹಾಕಿ ನೋಡಿದೆ. ನಮ್ಮ ಪಂಪು ಶೂ ಸ್ಟ್ಯಾಂಡಿನ ಹಿಂದೆ ಬಿದ್ದಿದೆ ಅಂತ ಯಾರಿಗೆ ಗೊತ್ತು? ಕೊನೆಗೆ ಎಳನೀರಿನ ಸ್ಟ್ರಾ ಸಿಕ್ಕಿಸಿ ಬಾಯಿಂದ ಊದಿದೆ. ನಾಲ್ಕು ಚೀಲ ಊದುವಷ್ಟರಲ್ಲಿ ತಲೆ ತಿರುಗಿತು. "ಕುಡಿಯೋಕೆ ಮುಂಚೆಯೇ ಏರಿತಾ?" ಅಂದಳು ಹೆಂಡತಿ.

ಊದಿದ ಮೇಲೆ ಬ್ಯಾಗು ಮುಚ್ಚುವುದಿಲ್ಲ. ಏಳೂವರೆ ಸೆಂಟಿಮೀಟರ್ ದಪ್ಪದ ಬಾಟಲಿ ಈಗ ಹಸುಗೂಸಿನ ಹಾಗೆ. ನಾಲ್ಕು ಕೂಸು ಮಲಗಿಸಿದರೆ ನಮ್ಮ ಬಟ್ಟೆಗೆ ಜಾಗ ಇಲ್ಲ. ಮೊಣಕಾಲಿಟ್ಟು ಅದುಮಿ ಮುಚ್ಚಿದೆ. ಅದುಮುವುದು ಇನ್ನೂ ತಪ್ಪು. ವಿಮಾನದಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬುವುದನ್ನು ನೋಡಿರುತ್ತೀರಿ. ಈ ಕೊಳವೆಗಳೂ ಹಾಗೇ ಉಬ್ಬುತ್ತವೆ, ಸ್ವಲ್ಪ ಮೆತ್ತಗೇ ಬಿಡಬೇಕು. ನಾನು ಗಟ್ಟಿಯಾಗಿ ಊದಿದ್ದೆ. ಬೆಂಗಳೂರಿನಲ್ಲಿ ಬಾಟಲಿ ನಾಲ್ಕೂ ಕ್ಷೇಮ, ಬ್ಯಾಗಿನ ಜಿಪ್ ಮಾತ್ರ ಒಂದು ಗೇಣು ಬಾಯಿ ಬಿಟ್ಟಿತ್ತು. ಇನ್ನೊಂದು ಮಾತು, ಇದರ ಬಾಯಿ ತೆರೆದೇ ಇರುತ್ತದೆ. ಒಳಗೆ ಸೋರಿದರೆ ಹೊರಗೆ ಬಂದಂತೆಯೇ.

ಥರ್ಮಾಕೋಲ್ ಡಬ್ಬಿ, ಅದರ ಹೊರಗೆ ರಟ್ಟಿನ ಪೆಟ್ಟಿಗೆ. ಆರು ಬಾಟಲಿ ಒಯ್ಯುವವರಿಗೆ ಇದೇ ಸರಿ, ಅದರಲ್ಲಿ ವಾದವೇ ಇಲ್ಲ. ನಾನು ಒಮ್ಮೆ ಒಯ್ದೆ. ಕೌಂಟರಿನಲ್ಲಿ ಒಡೆಯುವ ಸಾಮಾನು ಅಂತ ಚೀಟಿ ಕಟ್ಟಿ, ಒಡೆದರೆ ನಮ್ಮ ಹೊಣೆಯಲ್ಲ ಅಂತ ಸಹಿ ಹಾಕಿಸಿಕೊಂಡರು. ಬಾಟಲಿಗಳು ಸರಿಯಾಗಿಯೇ ಬಂದವು. ಆದರೆ ಆ ಖಾಲಿ ಡಬ್ಬಿ ಈಗಲೂ ಅತ್ತೆ ಮನೆಯ ಅಟ್ಟದ ಮೇಲಿದೆ.

ವೈನಿಗೆ ಅಂತಲೇ ಮಾಡಿದ ಸೂಟ್‌ಕೇಸೂ ಇದೆ. ನನ್ನ ಟಿಕೆಟ್ಟಿಗಿಂತ ದುಬಾರಿ.

ಬಬಲ್ ಚೀಲದಲ್ಲೂ ಎರಡು ಥರ ಇವೆ, ಇಲ್ಲಿ ಮೋಸ ಹೋಗಬೇಡಿ. ಅಂಟಿನ ಪಟ್ಟಿಯದು ಅಗ್ಗ, ಆದರೆ ಒಂದೇ ಸಲಕ್ಕೆ. ಎರಡನೇ ಸಲಕ್ಕೆ ಆ ಅಂಟಿನಲ್ಲಿ ಕೂದಲು, ಬಟ್ಟೆಯ ಜುಂಗು ಎಲ್ಲ ಸೇರಿ ಹಿಡಿಯುವುದೇ ಇಲ್ಲ. ಮನೆಯಲ್ಲೇ ಪರೀಕ್ಷೆ ಮಾಡಿದೆ. ಖಾಲಿ ಬಾಟಲಿಗೆ ಕುಂಕುಮದ ನೀರು ತುಂಬಿ, ಮುಚ್ಚಳ ಸಡಿಲ ಬಿಟ್ಟು, ಚೀಲಕ್ಕೆ ಹಾಕಿ ಬಕೆಟ್ಟಿನಲ್ಲಿ ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಿದೆ. ಬೆಳಿಗ್ಗೆ ಅಂಟಿನ ಚೀಲದ ಮೂಲೆಯಿಂದ ಕೆಂಪು ಎಳೆಯೊಂದು ಬಕೆಟ್ಟಿನ ತಳಕ್ಕೆ ಇಳಿದಿತ್ತು. ಜಿಪ್ ಚೀಲದ ಬಕೆಟ್ಟು ಒಣಗಿಯೇ ಇತ್ತು, ಕೆಂಪು ನೀರೆಲ್ಲ ಒಳಗೇ. ಅಲ್ಲಿಗೆ ನನ್ನ ತೀರ್ಮಾನ ಆಯಿತು.

ಏಟಿನ ವಿಷಯಕ್ಕೆ ಬಂದರೆ, ಬರೀ ಈ ಚೀಲವನ್ನು ನಂಬಬೇಡಿ. ಗುಳ್ಳೆ ಒಂದೇ ಪದರ. ಬಾಟಲಿಗೆ ಮೊದಲು ದಪ್ಪ ಸಾಕ್ಸ್, ಆಮೇಲೆ ಚೀಲ, ಆಮೇಲೆ ಬ್ಯಾಗಿನ ನಡುವೆ ಬಟ್ಟೆಗಳ ಮಧ್ಯೆ. ಸುತ್ತಲೂ ನಾಲ್ಕು ಬೆರಳಷ್ಟು ಬಟ್ಟೆ ಇರಲಿ. ಯಾರಾದರೂ ಬಿಚ್ಚಿಸಿದರೂ ಚೀಲ ಚೀಲವಾಗಿಯೇ ಉಳಿಯುತ್ತದೆ, ಗಾಜಿಗೆ ಗಾಜು ತಾಗುವುದಿಲ್ಲ. ಐದು ಸಲ ಹೋಗಿಬಂದಿವೆ, ಒಂದೂ ಒಡೆದಿಲ್ಲ. ಬಬಲಿ, ಅಂದರೆ ನೊರೆಯುಕ್ಕುವ ಸ್ಪಾರ್ಕ್ಲಿಂಗ್ ವೈನಿನ ಬಾಟಲಿ ಮಾತ್ರ ಇದರಲ್ಲಿ ಬಿಗಿ, ಅದು ದಪ್ಪ. ಜಿಪ್ ಹಾಕೋಕೆ ಇಬ್ಬರು ಬೇಕು.

ತೂಕ ಮರೆಯಬೇಡಿ. ತುಂಬಿದ ಬಾಟಲಿ ಒಂದೂಕಾಲು ಕಿಲೋ ಹತ್ತಿರ, ಬಬಲಿಯದು ಇನ್ನೂ ಭಾರ. ನಾಲ್ಕು ಇಟ್ಟರೆ ಚೆಕ್-ಇನ್ ಬ್ಯಾಗಿನ 15 ಕಿಲೋ ಮಿತಿಯಲ್ಲಿ ಐದು ಹೋಯಿತು.

ಎಷ್ಟು ಒಯ್ಯಬಹುದು ಅಂತ ಕೇಳುವವರಿಗೆ: ವಿಮಾನದ 5 ಲೀಟರ್ ಮಿತಿ ಶೇಕಡಾ 24 ರಿಂದ 70 ಆಲ್ಕೋಹಾಲ್ ಇರುವ ಮದ್ಯಕ್ಕೆ, ಅಂದರೆ ವಿಸ್ಕಿ, ಗೋವಾದ ಫೆನಿ ಥರದ್ದಕ್ಕೆ. 70 ದಾಟಿದರೆ ಒಯ್ಯುವಂತೆಯೇ ಇಲ್ಲ. ವೈನು 12, 14ರ ಆಸುಪಾಸು, ಆ ಲೆಕ್ಕಕ್ಕೆ ಬರುವುದಿಲ್ಲ. ಅಬಕಾರಿ ನಿಯಮ ಬೇರೆ, ಅದು ರಾಜ್ಯಕ್ಕೊಂದು ಥರ. ಇಳಿಯುವ ರಾಜ್ಯದ್ದನ್ನು ಮೊದಲೇ ನೋಡಿಕೊಳ್ಳಿ, ಬಿಲ್ಲು ಜೊತೆಗಿರಲಿ. ಗುಜರಾತಿಗೋ ಬಿಹಾರಕ್ಕೋ ಹೊರಟವರು ಇಷ್ಟೆಲ್ಲ ಓದುವ ಅಗತ್ಯವೇ ಇರಲಿಲ್ಲ.

ನನಗೆ ಈ ಚೀಲ ಇಷ್ಟವಾಗೋಕೆ ನಿಜವಾದ ಕಾರಣ ವಾಪಸು ಪ್ರಯಾಣ. ಥರ್ಮಾಕೋಲ್ ಅಲ್ಲೇ ಉಳಿಯುತ್ತದೆ, ಗಾಳಿ ಚೀಲಕ್ಕೆ ಮತ್ತೆ ಪಂಪು ಹುಡುಕಬೇಕು. ಇದನ್ನು ಮಡಚಿ ಬ್ಯಾಗಿನ ಪಕ್ಕಕ್ಕೆ ಸೇರಿಸಿದರೆ ಮುಗಿಯಿತು. ಬರುವಾಗ ಅದರೊಳಗೆ ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿ, ತುಪ್ಪದ ಬಾಟಲಿ. ಎಣ್ಣೆ ಜಿನುಗಿದರೂ ಚೀಲದೊಳಗೇ. ಮನೆಗೆ ಬಂದು ತೊಳೆದು, ಬಾಲ್ಕನಿಯಲ್ಲಿ ತಿರುಗಿಸಿ ಒಣಗಿಸುತ್ತೇನೆ.

ಎಷ್ಟು ತೊಳೆದರೂ ಇಂಗಿನ ವಾಸನೆ ಮಾತ್ರ ಹೋಗುವುದಿಲ್ಲ. ಹೋದ ಸಲ ಬಾಮೈದ ಬಾಟಲಿಯನ್ನು ಚೀಲದಿಂದ ತೆಗೆದು ಮೂಗಿನ ಹತ್ತಿರ ಹಿಡಿದು ಕೇಳಿದ: "ಭಾವ, ಈ ಸಲದ ಶಿರಾಜ್‌ಗೆ ಒಗ್ಗರಣೆ ಹಾಕಿದ್ದಾರಾ?"